ಗಡಿ ಅಂಗಡಿಯ ಲೆಕ್ಕಕ್ಕೆ ಗಣಕಯಂತ್ರ

ಕೊಡಿಕೊಂಡ, ಚಿಲಮತ್ತೂರು, ಹಿಂದೂಪುರದ ಕಡೆ ಅಂಗಡಿ ಇಟ್ಟವರು ಮಕ್ಕಳಿಗೆ ‘ಟ್ಯಾಲಿ ಕಲಿತು ಬಾ’ ಎನ್ನುವುದುಂಟು. ಈ ಟ್ಯಾಲಿ ಹೊರದೇಶದ್ದಲ್ಲ, 1986ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ್ದು. ಶ್ಯಾಮ್ ಸುಂದರ್ ಗೋಯೆಂಕಾ ಅವರ ವ್ಯಾಪಾರಕ್ಕೆ ಒಪ್ಪುವ ಲೆಕ್ಕದ ತಂತ್ರಾಂಶ ಸಿಗದಿದ್ದಾಗ ಮಗ ಭರತ್ ಗೋಯೆಂಕಾ ಅದನ್ನು ಬರೆದರು. ಜಮಾ-ಖರ್ಚು ಬಲ್ಲವರಿಗೆ ಅದು ಬೇಗ ಒಗ್ಗುತ್ತದೆ.

ಆದರೆ ಗಡಿಯ ವ್ಯಾಪಾರಿ ಮೊದಲು ಕಲಿಯಬೇಕಾದದ್ದು ಬೇರೆಯೇ ಇದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟ್‌ಗಳು ಎದ್ದುಹೋದವು. ರಸ್ತೆಯ ಮೇಲಿದ್ದ ಗಡಿ ಈಗ ಬಿಲ್ಲಿನೊಳಗೆ ಕೂತಿದೆ. ಟ್ಯಾಲಿಯಲ್ಲಿ ಗಿರಾಕಿಯ ಖಾತೆ ತೆರೆಯುವಾಗ ಅವರ ರಾಜ್ಯ ಯಾವುದೆಂದು ಕೇಳುತ್ತದೆ. ಹುಡುಗರು ಅವಸರದಲ್ಲಿ ದಾಟಿಹೋಗುವುದು ಇಲ್ಲೇ.

ಕೊಡಿಕೊಂಡದಿಂದ 10,000 ರೂಪಾಯಿಯ ಪಿವಿಸಿ ಪೈಪು ಹಿಂದೂಪುರದ ಅಂಗಡಿಗೆ ಹೋಯಿತೆನ್ನಿ. ತೆರಿಗೆ ನೂರಕ್ಕೆ 18. ಅದರಲ್ಲಿ 900 ಕೇಂದ್ರದ್ದು, 900 ಆಂಧ್ರದ್ದು. ಅದೇ ಪೈಪನ್ನು ಬಾಗೇಪಲ್ಲಿಯ ಅಂಗಡಿಗೆ ಕಳುಹಿಸಿದರೆ 1,800 ಪೂರ್ತಿ ಐಜಿಎಸ್‌ಟಿ. ಬಿಲ್ಲಿನ ಮೊತ್ತ ಎರಡಕ್ಕೂ 11,800. ಹಾಗಾಗಿ ಮೊತ್ತವನ್ನಷ್ಟೇ ನೋಡಿದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ. ತಪ್ಪು ಲೆಕ್ಕಕ್ಕೆ ತೆರಿಗೆ ಕಟ್ಟಿಬಿಟ್ಟರೆ ಸರಿಯಾದದ್ದನ್ನು ಮತ್ತೆ ಕಟ್ಟಿ, ಮೊದಲು ಕಟ್ಟಿದ್ದಕ್ಕೆ ಮರುಪಾವತಿಯ ಅರ್ಜಿ ಹಾಕಬೇಕು. ಅಷ್ಟು ದಿನ ಸಣ್ಣ ಅಂಗಡಿಯ ಬಂಡವಾಳ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಗುರುತು ಹಿಡಿಯುವುದು ಕಷ್ಟವೇನಲ್ಲ. ಗಿರಾಕಿಯ ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿ 37 ಆದರೆ ಆಂಧ್ರ, 29 ಆದರೆ ಕರ್ನಾಟಕ.

ಇನ್ನೊಂದು ಮಾತು. ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್ ಯೋಜನೆಯಲ್ಲಿರುವವರು ತೆರಿಗೆಯುಳ್ಳ ಸರಕನ್ನು ಹೊರರಾಜ್ಯಕ್ಕೆ ಮಾರುವಂತಿಲ್ಲ. ಬಾಗೇಪಲ್ಲಿ ನಮಗೆ ಪಕ್ಕದೂರು, ಕಾಯಿದೆಗೆ ಹೊರರಾಜ್ಯ.

ಟ್ಯಾಲಿ ಬೇಡ, ಉದ್ದರಿ ಪುಸ್ತಕ ಮಾತ್ರ ಸಾಕೆನ್ನುವವರಿಗೆ ಎಕ್ಸೆಲ್ ಆಗುತ್ತದೆ. ತಾರೀಖು, ಹೆಸರು, ಊರು, ಕೊಟ್ಟದ್ದು, ಬಂದದ್ದು, ಬಾಕಿ ಎಂದು ಆರು ಕಾಲಂ ಹಾಕಿ. ಬಾಕಿಯ ಸೂತ್ರವನ್ನು ಒಮ್ಮೆ ಬರೆದು ಕೆಳಗೆ ಎಳೆದರೆ ಸಾಕು.

ಇಲ್ಲಿ ನಮ್ಮಂಥ ಎರಡು ಭಾಷೆಯವರಿಗೊಂದು ತೊಡಕಿದೆ. ಕನ್ನಡ ಅಕ್ಷರ, ತೆಲುಗು ಅಕ್ಷರ ನಮ್ಮ ಕಣ್ಣಿಗೆ ಅಕ್ಕತಂಗಿಯರು. ಯಂತ್ರಕ್ಕೆ ಸಂಬಂಧವೇ ಇಲ್ಲದವರು. ಒಂದೊಂದು ಲಿಪಿಗೂ ಅದು ಬೇರೆಬೇರೆ ಸಂಕೇತ ಇಟ್ಟುಕೊಂಡಿದೆ. ಅಪ್ಪ ವೆಂಕಟೇಶಪ್ಪನ ಹೆಸರನ್ನು ಕನ್ನಡದಲ್ಲಿ ಬರೆದು, ಮಗ ತೆಲುಗಿನಲ್ಲಿ ಬರೆದರೆ ಒಬ್ಬನೇ ಗಿರಾಕಿ ಇಬ್ಬರಾಗುತ್ತಾನೆ. ಕನ್ನಡದಲ್ಲಿ ಹುಡುಕಿದಾಗ ತೆಲುಗಿನಲ್ಲಿರುವ ಬಾಕಿ ಸಿಗುವುದೇ ಇಲ್ಲ. ವಸೂಲಿಗೆ ಹೋದವರು ಅರ್ಧ ದುಡ್ಡು ತಂದು ಲೆಕ್ಕ ತೀರಿತೆಂದು ಬರೆದುಬಿಡುತ್ತಾರೆ. ಲಿಪಿ ಯಾವುದಾದರೂ ಸರಿ, ಮನೆಯವರೆಲ್ಲ ಕೂತು ಒಂದನ್ನೇ ಗೊತ್ತುಮಾಡಿಕೊಳ್ಳಿ. ಹೆಸರಿನ ಪಕ್ಕಕ್ಕೆ ಫೋನ್ ಸಂಖ್ಯೆಯ ಕಾಲಂ ಒಂದನ್ನು ಸೇರಿಸಿ. ಹುಡುಕುವಾಗ ಆ ಸಂಖ್ಯೆಯಿಂದಲೇ ಹುಡುಕಿ.