ಬೆಟ್ಟ ಅಗೆಯದೆ ಇಲಿ ಹಿಡಿದ ಬಗೆ

ಪರದೆಯ ತುಂಬ ಬೂದು ಮಂಜು. ನಡುವೆ ಅವರೆಕಾಳಿನಷ್ಟು ಕಪ್ಪು. ವೈದ್ಯರ ಎರಡೂ ಕೈ ಕೊಳವೆಯ ಮೇಲಿದ್ದವು. ಗದ್ದ ಎತ್ತಿ ತೋರಿಸಿ, ‘ನೋಡಿ, ಇಷ್ಟೇ ಇರೋದು’ ಅಂದರು.

ಇಷ್ಟೇ ಇರುವ ಆ ಗಂಟು, ಮೇಜಿನ ಮೇಲೆ ಎಡಮಗ್ಗುಲಾಗಿ ಮಲಗಿದ್ದ ಐವತ್ತು ದಾಟಿದ ಹೆಣ್ಣುಮಗಳೊಬ್ಬರ ನಾಲ್ಕು ವರ್ಷಗಳನ್ನು ನುಂಗಿತ್ತು. ಹಿಂದಿನ ಸಂಜೆ ಬೆಂಗಳೂರಿನ ಆ ಆಸ್ಪತ್ರೆಯ ವಾರ್ಡಿನಲ್ಲಿ ಅವರ ಗಂಡ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಬೆಳಗಿನ ಜಾವ ಮೈಯೆಲ್ಲ ಬೆವರು, ತೊದಲು ಮಾತು. ಹೆತ್ತ ಮಗಳ ಗುರುತೇ ಸಿಗುತ್ತಿರಲಿಲ್ಲ. ಫಿಟ್ಸ್ ಎಂದು ಮಾತ್ರೆ ನುಂಗಿಸಿದರು. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದರು. ಯಾವುದಕ್ಕೂ ಬಗ್ಗದ್ದು ಒಂದು ಲೋಟ ಸಿಹಿ ಕಾಫಿಗೆ ಬಗ್ಗುತ್ತಿತ್ತು. ಆಕೆ ಅದನ್ನು ತಾವೇ ಕಂಡುಕೊಂಡು, ರಾತ್ರಿ ಎರಡಕ್ಕೆ ಅಲಾರಂ ಇಟ್ಟು ಎದ್ದು, ಬಾಳೆಹಣ್ಣು ಬೆಲ್ಲ ತಿಂದು ಮಲಗುತ್ತಿದ್ದರು. ತೂಕ ಏರುತ್ತಲೇ ಹೋಯಿತು. ಕೊನೆಗೆ ಅಂಥದೊಂದು ಬೆಳಗ್ಗೆ ತಾಲ್ಲೂಕು ಊರಿನ ವೈದ್ಯರೊಬ್ಬರು ಬೆರಳು ಚುಚ್ಚಿ ನೋಡಿದರು. ಸಕ್ಕರೆ 38.

ಇನ್ಸುಲಿನ್ ಸಾಲದವರ ಕಥೆ ನಮ್ಮ ಮನೆಮನೆಯಲ್ಲೂ ಇದೆ. ಇದು ಅದರ ತಿರುಗುಮುರುಗು. ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುವ ಇನ್ಸುಲಿನೋಮ ಎಂಬ ಈ ಗಂಟು, ಉಂಡರೂ ಉಪವಾಸವಿದ್ದರೂ ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ. ಹಸಿದ ಹೊತ್ತಿನಲ್ಲಿ ಮಿದುಳಿಗೆ ಸಕ್ಕರೆ ಸಿಗದೆ ಮಾತು, ನಡೆ ಎಲ್ಲ ತಪ್ಪುತ್ತದೆ. ವರ್ಷಕ್ಕೆ ಹತ್ತು ಲಕ್ಷದಲ್ಲಿ ಒಬ್ಬರಿಂದ ನಾಲ್ವರಿಗೆ ಬರುವ ರೋಗ. ಹೆಚ್ಚಿನವು ಕ್ಯಾನ್ಸರ್ ಅಲ್ಲ, ಎರಡು ಸೆಂಟಿಮೀಟರನ್ನೂ ಮೀರುವುದಿಲ್ಲ. ಖಚಿತಪಡಿಸಿಕೊಳ್ಳಲು ಆಸ್ಪತ್ರೆಯಲ್ಲಿ 72 ಗಂಟೆಯವರೆಗೂ ಉಪವಾಸವಿಟ್ಟು, ಸಕ್ಕರೆ ಕುಸಿದ ಗಳಿಗೆಯಲ್ಲಿ ರಕ್ತ ತೆಗೆಯುತ್ತಾರೆ.

ಬರ್ಲಿನ್ನಿನ ವೈದ್ಯಕೀಯ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹ್ಯಾನ್ಸ್ ಈ ಗ್ರಂಥಿಯೊಳಗಿನ ಕೋಶದ್ವೀಪಗಳನ್ನು ಬಣ್ಣಿಸಿದ್ದು 1869ರಲ್ಲಿ. ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದ್ದು 1921ರಲ್ಲಿ. 1929ರಲ್ಲಿ ಅದೇ ಟೊರಾಂಟೊದಲ್ಲಿ ಶಸ್ತ್ರವೈದ್ಯ ರೋಸ್ಕೊ ಗ್ರಹಾಂ ಇನ್ಸುಲಿನ್ ಗಂಟೊಂದನ್ನು ಕತ್ತರಿಸಿ ತೆಗೆದು ರೋಗಿಯನ್ನು ಗುಣಪಡಿಸಿದರು. ಇನ್ಸುಲಿನ್ ಕೊಟ್ಟ ಊರೇ ಎಂಟು ವರ್ಷದಲ್ಲಿ ಅದರ ಅತಿಗೂ ಮದ್ದು ತೋರಿಸಿತು.

ಆಮೇಲಿನ ದಶಕಗಳ ಸಂಗತಿಯೊಂದು ನನ್ನನ್ನು ಬಿಡದೆ ಕಾಡುತ್ತದೆ. ಗಂಟು ಇದೆ ಎಂದು ರಕ್ತ ಹೇಳುತ್ತಿತ್ತು, ಎಲ್ಲಿದೆ ಎಂದು ಚಿತ್ರಗಳು ಹೆಚ್ಚಾಗಿ ಹೇಳುತ್ತಿರಲಿಲ್ಲ. ಹೊಟ್ಟೆ ಸೀಳಿ, ಬೆಣ್ಣೆಯಂಥ ಮೃದು ಗ್ರಂಥಿಯನ್ನು ಬೆರಳಲ್ಲಿ ತಡವುತ್ತಾ ಶಸ್ತ್ರವೈದ್ಯರು ಹುಡುಕುತ್ತಿದ್ದರು. ಸಿಗದಿದ್ದರೆ? ಇಲ್ಲೇ ಇರಬಹುದೆಂಬ ನಂಬಿಕೆಯ ಮೇಲೆ ಗ್ರಂಥಿಯ ಬಾಲದ ಭಾಗವನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಇದು ಕುರುಡು ಶಸ್ತ್ರಕ್ರಿಯೆ ಎಂಬ ಹೆಸರಿನಲ್ಲೇ ಪಠ್ಯಗಳಲ್ಲಿ ದಾಖಲಾಗಿದೆ. ಆದರೆ ಇನ್ಸುಲಿನೋಮಕ್ಕೆ ತಲೆ, ನಡು, ಬಾಲ ಎಂಬ ಭೇದವಿಲ್ಲ. ಮೂರೂ ಕಡೆ ಹೆಚ್ಚುಕಡಿಮೆ ಸಮವಾಗಿ ಹುಟ್ಟುತ್ತದೆ. ಬಾಲ ಕತ್ತರಿಸಿಕೊಂಡು ಮನೆಗೆ ಹೋದ ರೋಗಿ ಮತ್ತೆ ಬೆವರುತ್ತ, ತೊದಲುತ್ತ ವಾಪಸಾಗುವುದಿತ್ತು. ಬೆಟ್ಟ ಅಗೆದರೂ ಇಲಿ ಸಿಕ್ಕಿರಲಿಲ್ಲ. ಆ ವೈದ್ಯರನ್ನು ದೂರಲು ನನಗೆ ಮನಸ್ಸಿಲ್ಲ. ಕತ್ತಲಲ್ಲಿ ನಿಂತವರು ಇನ್ನೇನು ಮಾಡಿಯಾರು? ಹಾಗಾಗಿ ನನ್ನ ಮಟ್ಟಿಗೆ ದೊಡ್ಡ ವಿಸ್ಮಯ ಇಂದು ಈ ಗಂಟನ್ನು ಸುಡುವ ಸೂಜಿಯಲ್ಲ, ಅದನ್ನು ನೋಡುವ ಕಣ್ಣು. ಈ ಗ್ರಂಥಿ ಜಠರದ ಬೆನ್ನಿಗೇ ಆತುಕೊಂಡಿದೆ. ತುದಿಯಲ್ಲಿ ಪುಟ್ಟ ಅಲ್ಟ್ರಾಸೌಂಡ್ ಹೊತ್ತ ಎಂಡೊಸ್ಕೋಪು ಬಾಯಿಂದಿಳಿದು ಜಠರದೊಳಗೆ ನಿಂತರೆ, ಹೊರಗಿನ ಸ್ಕ್ಯಾನಿಗೆ ಅಡ್ಡ ಬರುವ ಕೊಬ್ಬು, ಗಾಳಿಗಳ ಕಾಟ ತಪ್ಪಿ ಗೋಡೆಯಾಚೆಗಿನದು ಕಾಣುತ್ತದೆ. 1980ರ ಸುಮಾರಿಗೆ ಬಂದ ಈ ಉಪಕರಣ ಆ ಕುರುಡುತನವನ್ನು ಬಹುಮಟ್ಟಿಗೆ ಕಳೆಯಿತು.

ಕಂಡ ಮೇಲೆ ಕೈ ಸುಮ್ಮನಿರುವುದೆ? 2006ರಲ್ಲಿ 78 ವರ್ಷದ ಮಹಿಳೆಯೊಬ್ಬರ ಗಂಟಿಗೆ ಇದೇ ದಾರಿಯಲ್ಲಿ ಆಲ್ಕೋಹಾಲ್ ಚುಚ್ಚಿ ವಾಸಿ ಮಾಡಿದ ವರದಿ ಬಂತು. 2016ರಲ್ಲಿ ಹೈದರಾಬಾದಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಯ ಸಂದೀಪ್ ಲಖ್ಟಾಕಿಯಾ ಮತ್ತು ಸಂಗಡಿಗರು ಮೂವರು ಇನ್ಸುಲಿನೋಮ ರೋಗಿಗಳ ಗಂಟನ್ನು ರೇಡಿಯೋ ತರಂಗದ ಸೂಜಿಯಿಂದ ಸುಟ್ಟ ವಿವರ ಪ್ರಕಟಿಸಿದರು. ನಮ್ಮ ನೆರೆಯ ಊರಿನಿಂದ ಜಗತ್ತಿಗೆ ಹೋದ ಪಾಠ ಎಂಬುದು ನನಗೆ ಹೆಮ್ಮೆಯ ಮಾತು.

ಹಾಗೆಂದು ಕತ್ತಿ ಮೂಲೆ ಸೇರಿತು ಎನ್ನಲಾರೆ. ಹಲವು ಆಸ್ಪತ್ರೆಗಳು ಸೇರಿ 2023ರಲ್ಲಿ ಎರಡು ದಾರಿಗಳಲ್ಲೂ ತಲಾ 89 ರೋಗಿಗಳ ದಾಖಲೆಗಳನ್ನು ಹೋಲಿಸಿದವು. ತೊಡಕು ಕಂಡದ್ದು ಸೂಜಿಯವರಲ್ಲಿ ಶೇ 18, ಶಸ್ತ್ರಕ್ರಿಯೆಯವರಲ್ಲಿ ಸುಮಾರು ಶೇ 62. ಆದರೆ ಸೂಜಿಯವರಲ್ಲಿ ಶೇ 17ರಷ್ಟು ಮಂದಿಗೆ ರೋಗ ಮರಳಿತು. ಗಂಟು ದೊಡ್ಡದಾಗಿದ್ದರೆ, ಹರಡುವ ಲಕ್ಷಣವಿದ್ದರೆ, ಗ್ರಂಥಿಯ ರಸನಾಳಕ್ಕೆ ತೀರ ಅಂಟಿದ್ದರೆ ಶಸ್ತ್ರಕ್ರಿಯೆಯೇ ಲೇಸು. ಸುಟ್ಟ ಬಿಸಿಗೆ ಗ್ರಂಥಿ ಊದಿಕೊಂಡರೆ ಅದೂ ಸಣ್ಣ ಸಂಕಟವಲ್ಲ. ಕೈ ಪಳಗಿದ ತಂಡ ಇರುವಲ್ಲಿ ಮಾತ್ರ ಇದನ್ನು ಮಾಡಿಸಿಕೊಳ್ಳಬೇಕು.

ಇತ್ತ ಚಿಕಿತ್ಸೆಯ ಕೋಣೆಯಲ್ಲಿ ಮಾತು ನಿಂತಿತು. ನಡುವೆ ರಕ್ತನಾಳ ಇಲ್ಲವೆಂದು ಬಣ್ಣದ ಡಾಪ್ಲರಿನಲ್ಲಿ ನೋಡಿಕೊಂಡು, ಜಠರದ ಗೋಡೆ ತೂರಿಸಿ ಸೂಜಿಯನ್ನು ಕಪ್ಪು ಚುಕ್ಕೆಯ ಆಚೆ ಅಂಚಿಗೆ ಮುಟ್ಟಿಸಿದರು. ತುದಿ ಕರಕಲಾಗದಂತೆ ಸೂಜಿಯೊಳಗೆ ತಣ್ಣನೆಯ ಸಲೈನ್ ಹರಿಯುತ್ತಿತ್ತು. ‘ಆನ್’ ಅಂದರು. ಐವತ್ತು ವಾಟ್. ಸೂಜಿಯ ಸುತ್ತ ಬಿಳಿ ಗುಳ್ಳೆಗಳು ಎದ್ದವು, ಹಾಲು ಉಕ್ಕಿದಂತೆ. ಹತ್ತಾರು ಸೆಕೆಂಡು. ಸೂಜಿಯನ್ನು ಚೂರು ಹಿಂದೆಳೆದು ಮತ್ತೊಮ್ಮೆ. ಅವರೆಕಾಳು ಬಿಳುಪಿನಲ್ಲಿ ಮುಳುಗಿ ಹೋಯಿತು. ನಾನು ಉಸಿರು ಬಿಟ್ಟದ್ದು ಆಮೇಲೆ.

ಮರುದಿನ ಬೆಳಗ್ಗೆ ವಾರ್ಡಿಗೆ ಹೋದೆ. ರಾತ್ರಿಯಿಡೀ ನರ್ಸ್ ಬೆರಳು ಚುಚ್ಚಿ ಬರೆದಿಟ್ಟ ಅಂಕಿಗಳು ಒಮ್ಮೆಯೂ 80ರ ಕೆಳಗಿಳಿದಿರಲಿಲ್ಲ. ಆ ಹಾಳೆಯನ್ನು ನೋಡುವಾಗ ನನ್ನ ನೆನಪಿಗೆ ಬಂದದ್ದು ತಾಲ್ಲೂಕಿನ ಆ ವೈದ್ಯರು. ಅವರ ಗ್ಲುಕೋಮೀಟರು ಅಂದು ಕೈಗೆ ಬಾರದಿದ್ದರೆ ಈ ಸೂಜಿಗೆ ದಾರಿಯೇ ಇರಲಿಲ್ಲ. ಫಿಟ್ಸ್ ಇರಲಿ, ಮೈಮೇಲೆ ಬಂದದ್ದಿರಲಿ, ಪ್ರಜ್ಞೆ ತಪ್ಪಿದವರ ಬೆರಳನ್ನು ಆ ಗಳಿಗೆಯಲ್ಲೇ ಒಮ್ಮೆ ಚುಚ್ಚಿ ನೋಡಬೇಕು.

‘ಅಲಾರಂ ಆಫ್ ಮಾಡೋಕೆ ಮರೆತಿದ್ದೆ’ ಎಂದರು ಆಕೆ. ಎರಡಕ್ಕೆ ಅದು ಹೊಡೆದುಕೊಂಡಿತಂತೆ. ಎದ್ದು ಕೂತರಂತೆ. ಹಸಿವಿರಲಿಲ್ಲ, ಬೆವರಿರಲಿಲ್ಲ. ಪಕ್ಕಕ್ಕೆ ಹೊರಳಿ ಮತ್ತೆ ನಿದ್ದೆ ಹೋದರಂತೆ.