ಲ್ಯಾಪ್‌ಟಾಪ್ ಸತ್ತಿಲ್ಲ ಸ್ವಾಮಿ, ಉಸಿರು ಕಟ್ಟಿದೆ!

ದಾವಣಗೆರೆ: ಮಂಡಿಪೇಟೆಯ ಒಂದು ದಿನಸಿ ಅಂಗಡಿ. ತಾರೀಖು 20, ಸಂಜೆ ಐದೂವರೆ. ಜಿಎಸ್‌ಟಿ ರಿಟರ್ನ್‌ಗೆ ಅದೇ ಕಡೇ ದಿನ. ಸಾಹುಕಾರರು ಲೆಕ್ಕ ತುಂಬುತ್ತಾ ಕೂತಿದ್ದಾರೆ. ಇದ್ದಕ್ಕಿದ್ದಂತೆ ಲ್ಯಾಪ್‌ಟಾಪ್ ಟಪ್ ಅಂತ ಆರಿಹೋಯಿತು! ಮತ್ತೆ ಹಚ್ಚಿದರು. ಹತ್ತು ನಿಮಿಷ ಉರಿಯಿತು, ಮತ್ತೆ ಟಪ್! ಅಡಿಗೆ ಕೈ ಇಟ್ಟರೆ ದೋಸೆ ಹಂಚು.

"ಇವತ್ತು ತಪ್ಪಿದ್ರೆ ದಿನಕ್ಕೆ ಐವತ್ತು ರೂಪಾಯಿ ದಂಡ ರೀ, ಮೇಲೆ ಬಡ್ಡಿ ಬೇರೆ" ಎಂದು ಸಾಹುಕಾರರು ಹಣೆ ಒರೆಸಿಕೊಂಡರು. ಸಕ್ಕರೆ ಕಟ್ಟಿಸಿಕೊಳ್ಳಲು ಹೋಗಿದ್ದ ನಾನು ಅಲ್ಲೇ ನಿಂತುಬಿಟ್ಟೆ.

ಮಗ ಅದನ್ನೆತ್ತಿಕೊಂಡು ಒಂದು ಕಂಪ್ಯೂಟರ್ ಅಂಗಡಿಗೆ ಓಡಿದ. ಯಾವ ಅಂಗಡಿ ಅಂತ ಕೇಳಬೇಡಿ. ಅಲ್ಲಿ ಮುಚ್ಚಳವನ್ನೂ ಬಿಚ್ಚದೆ ತೀರ್ಪು ಬಂತು: "ಮದರ್‌ಬೋರ್ಡ್ ಹೋಗೈತೆ. ಒಂಬತ್ತೂವರೆ ಸಾವಿರ. ಅದರ ಬದಲು ಹೊಸದೇ ತಗೊಳ್ರಿ." ರಿಟರ್ನ್ ಆ ರಾತ್ರಿ ಲೆಕ್ಕ ಬರೆಯುವವರ ಮನೆಯಲ್ಲಿ ಹೇಗೋ ಮುಗಿಯಿತು.

ಮರುದಿನ ಪರಿಚಯದ ರಿಪೇರಿ ಹುಡುಗನೊಬ್ಬನ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವನು ಸ್ಕ್ರೂ ಬಿಚ್ಚಿ, ಫ್ಯಾನು ಕಳಚಿ, ಚಿಮಟದಿಂದ ಒಂದು ಪಟ್ಟಿ ಎಳೆದ. ಥೇಟ್ ಕಂಬಳಿ ತುಂಡು! ಅಕ್ಕಿ ತೌಡು, ಮೆಣಸಿನಪುಡಿ, ರಸ್ತೆ ಧೂಳು ಎಲ್ಲ ಸೇರಿ ಹೆಪ್ಪುಗಟ್ಟಿತ್ತು. "ಇದೇ ನೋಡಣ್ಣ ನಿಮ್ಮ ಮದರ್‌ಬೋರ್ಡು" ಎಂದು ನಕ್ಕ. ಕೂಲಿ 600 ರೂಪಾಯಿ.

ಒಳಗಿನ ಕಥೆ ಇಷ್ಟೇ. ಲೆಕ್ಕ ಮಾಡುವ ಚಿಪ್ಪು ಕಾಯುತ್ತದೆ. ಅದರ ಕಾವನ್ನು ತಾಮ್ರದ ಕೊಳವೆಯೊಂದು ಅಂಚಿಗೆ ಒಯ್ಯುತ್ತದೆ. ಅಲ್ಲಿ ಬಾಚಣಿಗೆ ಹಲ್ಲಿನಂಥ ತೆಳು ತಗಡುಗಳಿವೆ. ಪುಟ್ಟ ಫ್ಯಾನು ಅವುಗಳ ನಡುವೆ ಗಾಳಿ ನುಗ್ಗಿಸಿ ಕಾವನ್ನು ಹೊರಗೆ ದೂಡುತ್ತದೆ. ಆ ಸಂದಿ ಮುಚ್ಚಿತೋ, ಫ್ಯಾನು ಎಷ್ಟು ಒದರಿದರೂ ಗಾಳಿ ಹೊರಬೀಳದು. ಹೆಚ್ಚಿನ ಚಿಪ್ಪುಗಳು 95-100 ಡಿಗ್ರಿ ಮುಟ್ಟುವಾಗ ತಾವೇ ವೇಗ ತಗ್ಗಿಸುತ್ತವೆ. ನಾವು "ಸ್ಲೋ ಆಗೈತೆ" ಅಂತ ಬೈಯುವುದು ಇದನ್ನೇ. ಅದಕ್ಕೂ ತಣಿಯದಿದ್ದರೆ ಜೀವ ಉಳಿಸಿಕೊಳ್ಳಲು ಆರಿಹೋಗುತ್ತವೆ. ಆರಿದ್ದು ಸಾವಲ್ಲ, ಎಚ್ಚರಿಕೆ. ಚಿಪ್ಪಿಗೂ ತಾಮ್ರಕ್ಕೂ ನಡುವೆ ಬಳಿದ ಪೇಸ್ಟು ಕೆಲವು ವರ್ಷಕ್ಕೆ ಒಣಗುವುದೂ ಉಂಟು. ಬಿಚ್ಚಿದಾಗಲೇ ಅದನ್ನೂ ಹೊಸದಾಗಿ ಹಾಕಿಸಿಬಿಡಿ.

ನಮ್ಮೂರ ಹವೆಯೂ ಸಾಲದು ಅನ್ನಿ. ಆ್ಯಪಲ್ ಕಂಪನಿ ತನ್ನ ಲ್ಯಾಪ್‌ಟಾಪ್‌ಗಳನ್ನು 10ರಿಂದ 35 ಡಿಗ್ರಿ ಹವೆಯಲ್ಲಿ ಬಳಸಿ ಎನ್ನುತ್ತದೆ. ಏಪ್ರಿಲ್ ಮಧ್ಯಾಹ್ನ ತಗಡಿನ ಛಾವಣಿ ಕೆಳಗೆ ಕೂತ ವ್ಯಾಪಾರಿಗೆ ಆ 35 ಎಲ್ಲಿಂದ ತರೋದು? ಮಂಡಕ್ಕಿ ಭಟ್ಟಿಗಳ ಆಸುಪಾಸಿನವರಿಗೆ ಬೂದಿ ಬೇರೆ! ಕಸ ಹೊಡೆಯುವಾಗ ಬೆಲ್ಲದ ಡಬ್ಬಿಗೆ ಮುಚ್ಚಳ ಹಾಕುತ್ತೇವೆ, ಲ್ಯಾಪ್‌ಟಾಪ್ ಮಾತ್ರ ಬಾಯಿ ತೆರೆದುಕೊಂಡೇ ಇರುತ್ತದೆ.

ಹಾಗಾದರೆ ಮಾಡೋದೇನು? ಮೊದಲು ಹಾಸಿಗೆ, ಕೌದಿ, ದಿಂಬಿನ ಮೇಲಿಂದ ಎತ್ತಿ ಗಟ್ಟಿ ಮೇಜಿನ ಮೇಲಿಡಿ. ಅಡಿಯ ಗಾಳಿಕಂಡಿ ಮುಚ್ಚಬಾರದು. ಹಿಂದಿನ ಎರಡು ಮೂಲೆಗೆ ನೀರಿನ ಬಾಟಲಿ ಮುಚ್ಚಳ ಕೊಟ್ಟರೂ ಗಾಳಿ ಆಡುತ್ತದೆ, ಐನೂರು ರೂಪಾಯಿ ಸ್ಟ್ಯಾಂಡೇ ಬೇಕೆಂದಿಲ್ಲ. ತೊಡೆ ಮೇಲಿಡುವ ಯಂತ್ರ ಅಂತ ಹೆಸರಿಟ್ಟವರು ಯಾರೋ! ದಿನಾ ಗಂಟೆಗಟ್ಟಲೆ ಬಿಸಿ ಯಂತ್ರ ತೊಡೆ ಮೇಲಿಟ್ಟರೆ ಚರ್ಮದಲ್ಲಿ ಬಲೆಯಂಥ ಕಂದು ಕಲೆ ಬೀಳುವುದನ್ನು ವೈದ್ಯರು ದಾಖಲಿಸಿದ್ದಾರೆ. ಇನ್ನು ವಿಂಡೋಸ್ ಇದ್ದವರು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ನೋಡಿ. ಯಾವ ಪ್ರೋಗ್ರಾಂ ಸದ್ದಿಲ್ಲದೆ ದುಡಿಸಿಕೊಳ್ಳುತ್ತಿದೆ ಎಂಬುದು ಅಲ್ಲೇ ಬಯಲು.

ಮನೆಮದ್ದು ಹೇಳುವವರಿಗೇನು ಬರವಿಲ್ಲ. ಫ್ರಿಜ್ಜಿನಲ್ಲಿಡಿ ಎಂದವರಿದ್ದಾರೆ, ಒದ್ದೆ ಬಟ್ಟೆ ಹಾಸಿ ಎಂದವರೂ ಇದ್ದಾರೆ. ದಯವಿಟ್ಟು ಬೇಡ! ಫ್ರಿಜ್ಜಿಂದ ತೆಗೆದ ಸ್ಟೀಲ್ ಲೋಟ ಬೆವರುವುದಿಲ್ಲವೇ? ಹಾಗೇ ಒಳಗೆ ನೀರು ಕೂತು ಬೋರ್ಡು ನಿಜಕ್ಕೂ ಹೋದೀತು. ಬ್ಲೋಯರ್ ಹಿಡಿಸುವಾಗಲೂ ಫ್ಯಾನಿನ ರೆಕ್ಕೆಗೆ ಕಡ್ಡಿ ಅಡ್ಡ ಕೊಟ್ಟು ನಿಲ್ಲಿಸಬೇಕು, ಗಿರ್ರನೆ ತಿರುಗಿಸಿದರೆ ಫ್ಯಾನೇ ಕೆಡಬಹುದು.

ದಿನಾ ಬಸ್ಸಿನಲ್ಲಿ ಓಡಾಡುವವರಿಗೂ ಒಂದು ಮಾತು. ಸೀಟು ಸಿಗದೆ ನಿಂತವರು ಬ್ಯಾಗನ್ನು ಡ್ರೈವರ್ ಪಕ್ಕದ ಇಂಜಿನ್ ಬಾನೆಟ್ ಮೇಲೆ ಇಡುತ್ತಾರೆ. ಹರಿಹರ ಬರುವಷ್ಟರಲ್ಲಿ ಅದು ಒಲೆ ಮೇಲಿನ ಪಾತ್ರೆ! ಮುಚ್ಚಳ ಮಡಚಿದರೆ ಆಫ್ ಆಯಿತು ಎಂದೂ ನಂಬಬೇಡಿ. ಒಮ್ಮೊಮ್ಮೆ ಬ್ಯಾಗಿನೊಳಗೇ ಎಚ್ಚರಗೊಂಡು, ಗಾಳಿಯಿಲ್ಲದೆ ಬೇಯುತ್ತದೆ. ಬಸ್ಸು ಹತ್ತುವ ಮುಂಚೆ ಪೂರ್ತಿ ಶಟ್‌ಡೌನ್ ಮಾಡಿ.

ಎಲ್ಲಕ್ಕಿಂತ ಭಯ ಬ್ಯಾಟರಿಯದು. ಕೀಲಿಮಣೆ ಕೆಳಗಿನ ಪ್ಯಾಡು ಉಬ್ಬಿತೋ, ಮುಚ್ಚಳ ಸರಿಯಾಗಿ ಕೂರಲಿಲ್ಲವೋ, ಬ್ಯಾಟರಿ ಊದಿದೆ ಎಂದೇ ತಿಳಿಯಿರಿ. ಚಾರ್ಜ್ ಹಾಕಬೇಡಿ, ಒತ್ತಬೇಡಿ, ಚುಚ್ಚಲೇಬೇಡಿ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಆರಿಸುವುದು ಸುಲಭವಲ್ಲ. 2006ರಲ್ಲಿ ಡೆಲ್ ಕಂಪನಿ ಬೆಂಕಿಯ ಭಯಕ್ಕೇ 41 ಲಕ್ಷ ಬ್ಯಾಟರಿ ವಾಪಸು ಕರೆಸಿತ್ತು. ಕಸದ ಗಾಡಿಗೂ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ಹಳೆಯದನ್ನು ವಾಪಸು ಸಂಗ್ರಹಿಸುವ ಹೊಣೆ ತಯಾರಕರದೇ. ಮಾರಿದ ಅಂಗಡಿಯಲ್ಲಿ ಗಟ್ಟಿಯಾಗಿ ಕೇಳಿ, ಸಂಕೋಚ ಯಾಕೆ?

ಮಂಡಿಪೇಟೆ ಸಾಹುಕಾರರು ಆ ಧೂಳಿನ ಪಟ್ಟಿಯನ್ನು ಬೆಂಕಿಪೊಟ್ಟಣದಲ್ಲಿಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದಾರೆ. ಮುಂದಿನ ತಿಂಗಳ ರಿಟರ್ನ್ ಅದೇ ಲ್ಯಾಪ್‌ಟಾಪಿನಲ್ಲಿ 17ನೇ ತಾರೀಖಿಗೇ ಮುಗಿಯಿತು. ಒಂಬತ್ತೂವರೆ ಸಾವಿರದ ಅಂಗಡಿಯಿಂದ ಮಾತ್ರ ಹುಡುಗನಿಗೆ ಇನ್ನೂ ಫೋನು ಬರುತ್ತಿದೆಯಂತೆ: "ಹೊಸದು ಯಾವಾಗ ತಗೊಂತೀರಿ?"