ಟವರ್ ಸಿಗದ ಊರಿನ ಮಕ್ಕಳೂ ಇಂಟರ್‌ನೆಟ್ಟೂ

"ನಮ್ಮ ಕಡೆ ಟವರೇ ಸರಿಯಾಗಿ ಸಿಗಲ್ಲ. ಇಂಟರ್‌ನೆಟ್ ಅಪಾಯವೆಲ್ಲ ಬೆಂಗಳೂರಿನ ಮಕ್ಕಳ ಸಮಸ್ಯೆ." ಕೊಡಗಿನ ತೋಟದ ಮನೆಗಳಲ್ಲಿ ಈ ಮಾತು ಬಹಳ ಕೇಳಿಸುತ್ತದೆ. ಇದು ನಿಜವಲ್ಲ. ಸಿಗ್ನಲ್ ಇಲ್ಲವೆಂದು ಮಕ್ಕಳು ಫೋನ್ ಬಿಡುವುದಿಲ್ಲ, ಸಿಗ್ನಲ್ ಇರುವಲ್ಲಿಗೆ ನಡೆದು ಹೋಗುತ್ತಾರೆ. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ 2021ರಲ್ಲಿ ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರು ಸರ್ಕಾರಿ ಶಾಲೆಯ ಶಿಕ್ಷಕ ಸಿ.ಎಸ್. ಸತೀಶ್ ನೆಟ್‌ವರ್ಕ್‌ಗಾಗಿ ಮರದ ಮೇಲೆ ಅಟ್ಟಣಿಗೆ ಕಟ್ಟಿ ಆನ್‌ಲೈನ್ ಪಾಠ ಮಾಡಿದ್ದು ಸುದ್ದಿಯಾಗಿತ್ತು. ಮಕ್ಕಳೂ ಆಗ ಗುಡ್ಡದ ನೆತ್ತಿ, ರಸ್ತೆಯ ತಿರುವು ಹುಡುಕಿಕೊಂಡರು. ಪಾಠ ಶಾಲೆಗೆ ಮರಳಿತು, ಆ ಜಾಗಗಳ ಗುರುತು ಮಕ್ಕಳಲ್ಲಿ ಉಳಿಯಿತು. ಅಲ್ಲಿ ದೊಡ್ಡವರ ಕಣ್ಣಿಲ್ಲ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮನೆಯಲ್ಲೂ ಇರುವುದಿಲ್ಲ.

ಅಪರಿಚಿತರ ಜೊತೆ ಮಾತಾಡದಿದ್ದರೆ ಸಾಕು ಎನ್ನುವುದು ಇನ್ನೊಂದು ನಂಬಿಕೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಅಂಕಿಅಂಶದಂತೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಮಗುವಿಗೆ ಗೊತ್ತಿದ್ದವನೇ. ಆಟದ ಆ್ಯಪ್‌ನಲ್ಲಿ ತಿಂಗಳಿಂದ ಜೊತೆಗೆ ಆಡುತ್ತಿರುವವನೂ ಮಗುವಿನ ಲೆಕ್ಕದಲ್ಲಿ ಅಪರಿಚಿತನಲ್ಲ, ಗೆಳೆಯ.

ಮಗುವಿನ ಗುರುತನ್ನು ಹೊರಗೆ ಹಾಕುವವರು ಹಲವು ಸಲ ನಾವೇ. ಕೊಡವರ ಹೆಸರಿನಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರೂ ಇರುತ್ತದೆ. ಒಕ್ಕ ಗೊತ್ತಾದರೆ ಊರು ಗೊತ್ತಾಗುವುದು ಕಷ್ಟವಲ್ಲ. ಅದರ ಮೇಲೆ ಶಾಲೆಯ ಸಮವಸ್ತ್ರದ ಫೋಟೊ, ಹಾಕಿ ಪಂದ್ಯದ ಜೆರ್ಸಿ! ಸಂಭ್ರಮ ತಪ್ಪಲ್ಲ. ಆದರೆ ಎಲ್ಲರಿಗೂ ಕಾಣುವ ಖಾತೆಯಲ್ಲಿ ಹಾಕುವ ಮುನ್ನ ಮಗುವನ್ನೂ ಒಂದು ಮಾತು ಕೇಳಿ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ನಂಬಿಕೆ: "ಏನಾದರೂ ಎಡವಟ್ಟಾದರೆ ಫೋನ್ ಕಿತ್ತುಕೊಂಡರಾಯಿತು." ಖಾಸಗಿ ಚಿತ್ರ ತರಿಸಿಕೊಂಡು ಬೆದರಿಸುವವನು ನೆಚ್ಚಿಕೊಂಡಿರುವುದು ಈ ಭಯವನ್ನೇ. ಅಪ್ಪನಿಗೆ ಗೊತ್ತಾದರೆ ಏಟು, ಅಮ್ಮನಿಗೆ ಗೊತ್ತಾದರೆ ಕಣ್ಣೀರು ಎಂದು ಮಗು ಬಾಯಿ ಮುಚ್ಚುತ್ತದೆ, ಅವನು ಇನ್ನೊಂದು ಚಿತ್ರ ಕೇಳುತ್ತಾನೆ, ಇಲ್ಲವೇ ಹಣ. "ನೀನು ಬಂದು ಹೇಳಿದರೆ ಬೈಯುವುದಿಲ್ಲ" ಎಂಬ ಮಾತನ್ನು ಏನೂ ಆಗದಿರುವಾಗಲೇ ಕೊಡಬೇಕು, ಹೇಳಿದ ದಿನ ಉಳಿಸಿಕೊಳ್ಳಬೇಕು.

ಮಗು ಬಂದು ಹೇಳಿತೆನ್ನಿ. ಗಾಬರಿಯಲ್ಲಿ ಎಲ್ಲವನ್ನೂ ಅಳಿಸಿಬಿಡಬೇಡಿ. ಬೆದರಿಕೆಯ ಸಂದೇಶ, ಖಾತೆಯ ವಿಳಾಸ, ಫೋನ್ ನಂಬರ್, ಹಣ ಕೊಟ್ಟಿದ್ದರೆ ಅದರ ವಿವರ ಪೊಲೀಸರಿಗೆ ಬೇಕು. ಹಣ ಕೊಟ್ಟರೆ ಬಿಡುತ್ತಾನೆ ಎಂಬ ಭರವಸೆ ಇಟ್ಟುಕೊಳ್ಳಬೇಡಿ. ಆ ಚಿತ್ರವನ್ನು ಸಲಹೆ ಕೇಳಲೆಂದೂ ನೆಂಟರಿಗೆ ಕಳಿಸಬಾರದು. ಮಕ್ಕಳ ಅಶ್ಲೀಲ ಚಿತ್ರ ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಸೆಕ್ಷನ್ನಿನಡಿ ಅಪರಾಧ, ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು. 18 ತುಂಬದವರ ಇಂಥ ಚಿತ್ರ ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗಳಲ್ಲಿ ಹರಡದಂತೆ ತಡೆಯಲು 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯಿದೆ. ಚಿತ್ರ ನಮ್ಮ ಫೋನಿನಲ್ಲೇ ಉಳಿಯುತ್ತದೆ, ಅದರಿಂದ ತಯಾರಾದ ಡಿಜಿಟಲ್ ಗುರುತು ಮಾತ್ರ ಕಂಪನಿಗಳಿಗೆ ಹೋಗುತ್ತದೆ. ವಾಟ್ಸ್‌ಆ್ಯಪ್‌ನ ಖಾಸಗಿ ಸಂದೇಶಗಳಿಗೆ ಅದು ತಲುಪದು.

"ದೂರು ಕೊಟ್ಟರೆ ಇಡೀ ಜಿಲ್ಲೆಗೆ ಗೊತ್ತಾಗುತ್ತದೆ." ಎಲ್ಲರಿಗೆ ಎಲ್ಲರೂ ಪರಿಚಿತರಾದ ಪುಟ್ಟ ಜಿಲ್ಲೆಯಲ್ಲಿ ಈ ಅಳುಕು ಸಹಜ, ಅದನ್ನು ಹಗುರವಾಗಿ ತೆಗೆದುಕೊಳ್ಳಲಾರೆ. ಆದರೆ 2012ರ ಪೋಕ್ಸೊ ಕಾಯ್ದೆ ಇದನ್ನು ಯೋಚಿಸಿಯೇ ಬರೆದದ್ದು. ಮಗುವಿನ ಹೆಸರು, ಮನೆ, ಶಾಲೆ, ಊರು ಯಾವುದನ್ನೂ ಮಾಧ್ಯಮ ಪ್ರಕಟಿಸುವಂತಿಲ್ಲ. ಹೇಳಿಕೆ ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿ ಇರುವಂತಿಲ್ಲ, ಮಗುವನ್ನು ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹೇಳಿಕೆಯನ್ನು ಮನೆಯಲ್ಲೇ, ಮಗುವಿಗೆ ನಂಬಿಕೆಯಿರುವವರ ಮುಂದೆ ಪಡೆಯಬಹುದು. ಮಡಿಕೇರಿಯಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಯಿದೆ. ಮಕ್ಕಳ ಸಹಾಯವಾಣಿ 1098. ಹಣ ಹೋಗಿದ್ದರೆ ತಡಮಾಡದೆ 1930. ಮಕ್ಕಳ ಚಿತ್ರಗಳ ಬಗ್ಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರುವಾಗ ನಮ್ಮ ಹೆಸರನ್ನೂ ಹೇಳಬೇಕಿಲ್ಲ.